ಸಣ್ಣ ಕಾರಿನ ದೊಡ್ಡ ಗಂಟಲು

ನನ್ನ ಹತ್ತಿರ ಒಂದು ಮಾರುತಿ 800 ಇದೆ. ಸೆಕೆಂಡ್ ಹ್ಯಾಂಡ್ ಅಂತ ಹೇಳಿ ಕೊಟ್ಟರು, ಆರ್.ಸಿ. ನೋಡಿದರೆ ನಾನು ನಾಲ್ಕನೆಯವನು. 1983ರ ಡಿಸೆಂಬರಿನಲ್ಲಿ ಈ ಕಾರು ಮೊದಲ ಸಲ ಗುರಗಾಂವಿನ ಕಾರ್ಖಾನೆಯಿಂದ ಹೊರಗೆ ಬಂದಾಗ ನಮ್ಮ ಕೇರಿಯಲ್ಲಿ ಸೈಕಲ್ಲು ಇದ್ದದ್ದು ಇಬ್ಬರ ಮನೆಯಲ್ಲಿ. 2014ರ ಆರಂಭದಲ್ಲಿ ಕಂಪನಿಯವರು ಇದನ್ನು ಮಾಡುವುದನ್ನೇ ನಿಲ್ಲಿಸಿದರು. ಅದಾದ ಮೇಲೆ ನಮ್ಮ ಕೇರಿಗೆ ಬಂತು. ದೊಡ್ಡೋರು ಉಟ್ಟು ಬಿಟ್ಟದ್ದು ನಮಗೆ ಬರುವುದು ಹೊಸ ಸಂಗತಿಯೇನಲ್ಲ, ಅದಿರಲಿ.

ನಾನು ಹೇಳಹೊರಟಿರುವುದು ಆ ಕಾರಿನ ಹಾರ್ನಿನ ವಿಚಾರ. ಗೆಳೆಯರು ನಗಬಹುದು. ದೇಶದಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ಈ ಮೇಷ್ಟ್ರು ಹಾರ್ನಿನ ಮೇಲೆ ಬರೀತಾ ಕೂತವನಲ್ಲ ಅಂತ. ನಗಲಿ. ಬರೆಯದೆ ಇರಲು ನನ್ನಿಂದ ಆಗಲಿಲ್ಲ.

ದಿನಾ ನಾನು ಓಡಾಡುವುದು ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ಹಾದು ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ. ಮೊದಲು ಅದನ್ನು 212 ಅನ್ನುತ್ತಿದ್ದರು, ಈಗ 766. ತರಕಾರಿ ತುಂಬಿದ ಲಾರಿ, ಜಲ್ಲಿ ಟಿಪ್ಪರು, ಕೆಂಪು ಬಸ್ಸು, ಟೂರಿಸ್ಟ್ ವ್ಯಾನು, ಇವುಗಳ ಕಾಲ ಸಂದಿಯಲ್ಲಿ ನನ್ನದು. ಆರುನೂರೈವತ್ತು ಕಿಲೋ ತೂಗುವ ತಗಡಿನ ಡಬ್ಬ. ಎದುರಿಗೆ ಬರುವುದು ಹದಿನೈದಿಪ್ಪತ್ತು ಟನ್ನು. ಕಂಪನಿಯವರು ಇದಕ್ಕೆ ಕೊಟ್ಟಿದ್ದ ಹಾರ್ನು ಒಂದೇ ಒಂದು. ಒತ್ತಿದರೆ 'ಪೀಂ' ಅನ್ನುತ್ತಿತ್ತು, ಮೇಕೆಮರಿ ತಾಯಿಯನ್ನು ಕೂಗಿದ ಹಾಗೆ. ಎರಡು ಸಲ ಲಾರಿಯವರು ನನ್ನನ್ನು ರಸ್ತೆ ಬಿಡಿಸಿ ಪಕ್ಕದ ಮಣ್ಣಿಗೆ ಇಳಿಸಿದರು. ಎರಡನೇ ಸಲ ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಗಾಡಿ ಹಳ್ಳದ ಅಂಚಿಗೆ ಬಂದು ನಿಂತಾಗ ಅವಳು ಅಳಲಿಲ್ಲ, "ಅಪ್ಪಾ, ಅವ್ರಿಗೆ ನಾವು ಕಾಣಲ್ವಾ?" ಅಂದಳು. ಮಾರನೇ ದಿನವೇ ಹಾರ್ನು ಬದಲಾಯಿಸಲು ಹೋದೆ.

ಆಟೋ ಎಲೆಕ್ಟ್ರಿಕಲ್ ಅಂಗಡಿಯ ಭಾಯಿ ಬಾನೆಟ್ ಎತ್ತಿ ನೋಡಿ, "ಮೇಷ್ಟ್ರೆ, ಈ ಹಾರ್ನಿಗೆ ರೋಡಲ್ಲಿ ಮಲಗಿರೋ ನಾಯೀನೂ ಎದ್ದೋಗಲ್ಲ" ಅಂದ. ಜೋಡಿ ಹಾರ್ನು ತೋರಿಸಿದ. ಬಸವನಹುಳುವಿನ ಚಿಪ್ಪಿನ ಥರ ಸುತ್ತಿಕೊಂಡವು. ಒಂದು ಏರುದನಿ, ಒಂದು ಇಳಿದನಿ. ಒಳಗೆ ಇರುವುದು ದೊಡ್ಡ ಮಾಯೆಯೇನಲ್ಲ: ತಂತಿ ಸುತ್ತಿದ ಒಂದು ಅಯಸ್ಕಾಂತ, ತೆಳ್ಳನೆ ಉಕ್ಕಿನ ಒಂದು ಬಿಲ್ಲೆ. ಕರೆಂಟು ಹರಿದರೆ ಅಯಸ್ಕಾಂತ ಬಿಲ್ಲೆಯನ್ನು ಎಳೆಯುತ್ತದೆ, ಎಳೆದೊಡನೆ ಪಾಯಿಂಟು ಬಿಟ್ಟುಕೊಂಡು ಕರೆಂಟು ಕಡಿಯುತ್ತದೆ, ಬಿಲ್ಲೆ ಹಿಂದಕ್ಕೆ ಬಡಿಯುತ್ತದೆ, ಮತ್ತೆ ಕರೆಂಟು. ಸೆಕೆಂಡಿಗೆ ನಾನ್ನೂರು, ಐನೂರು ಸಲ. ಆ ನಡುಕವೇ ಕೂಗು. ಎರಡೂ ಸೇರಿ ಎಳೆಯುವ ಕರೆಂಟು ಜಾಸ್ತಿ, ಹಳೇ ವೈರಿಗೆ ಜೋಡಿಸಿದರೆ ಸ್ಟೇರಿಂಗಿನ ಬಟನ್ನು ಸುಟ್ಟುಹೋಗುತ್ತದೆ. ಅದಕ್ಕೆ ನಡುವೆ ಒಂದು ರಿಲೇ ಹಾಕಬೇಕು. ಬಟನ್ನು ಒತ್ತಿದರೆ ಸಣ್ಣ ಕರೆಂಟೊಂದು ಹೋಗಿ ರಿಲೇಯನ್ನು ಎಬ್ಬಿಸುತ್ತದೆ. ರಿಲೇ ಬ್ಯಾಟರಿಯಿಂದ ದೊಡ್ಡ ಕರೆಂಟನ್ನು ನೇರವಾಗಿ ಹಾರ್ನಿಗೆ ಬಿಡುತ್ತದೆ. ಹೆಬ್ಬೆರಳಿಗೆ ಭಾರವೇ ಗೊತ್ತಾಗುವುದಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಂಡಿರಬೇಕು.

ರಿಲೇ, ಫ್ಯೂಜು, ವೈರು, ಕೂಲಿ ಎಲ್ಲಾ ಸೇರಿ ಹನ್ನೊಂದು ನೂರು ರೂಪಾಯಿ ಆಯಿತು. ಅಂಗಡಿ ಮುಂದೆಯೇ ಒತ್ತಿ ನೋಡಿದೆ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಸಂಘದ ಗೆಳೆಯನೊಬ್ಬ ಅಲ್ಲೇ ಇದ್ದ. "ಒಸಿ ಜೋರಾಗೇ ಹೊಡೀರಿ ಮೇಷ್ಟ್ರೆ. ಎಷ್ಟು ತಲೆಮಾರು ಅಂತ ನಾವೇ ದಾರಿ ಬಿಡೋದು?" ಅಂದ. ಆ ಮಾತು ಎದೆಗೆ ಹಿತವಾಗಿ ಇಳಿಯಿತು.

ಹಾರ್ನು ಹಾಕಿಸಿದ ಎಂಟನೇ ದಿನವೋ ಒಂಬತ್ತನೇ ದಿನವೋ ಇರಬೇಕು. ತಾಲ್ಲೂಕು ಕೇಂದ್ರದಲ್ಲಿ ಮೀಟಿಂಗು, ಹೊತ್ತಾಗಿತ್ತು. ಹೆದ್ದಾರಿ ಬಿಟ್ಟು ಊರಿನ ಒಳದಾರಿಯಲ್ಲಿ ಬರುತ್ತಿದ್ದೆ. ಮುಂದೆ ಒಬ್ಬ ಹೆಂಗಸು ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದಳು. ಹೊರೆ ಹೊತ್ತವರಿಗೆ ಅಕ್ಕಪಕ್ಕ ಕಾಣುವುದಿಲ್ಲ, ಕಿವಿಯ ಮೇಲೂ ಹುಲ್ಲು ಇಳಿದಿರುತ್ತದೆ. ಬ್ರೇಕಿನ ಮೇಲೆ ಕಾಲಿಡಬಹುದಿತ್ತು. ಹೆಬ್ಬೆರಳು ಮೊದಲು ಒತ್ತಿತು. ಆಕೆ ಬೆಚ್ಚಿ, ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ವಾಲಿ ಚರಂಡಿಗೆ ಕಾಲಿಟ್ಟಳು. ಹೊರೆ ಬಿತ್ತು. ನಾನು ಪಕ್ಕದಲ್ಲಿ ಹಾದುಹೋಗುವಾಗ ಗಾಜು ಇಳಿದಿತ್ತು, ಮಾತು ಚೆನ್ನಾಗಿಯೇ ಕೇಳಿಸಿತು. ಮುಖ ಎತ್ತದೆ, ಒಳಗೆ ಕೂತವರು ಯಾರೆಂದು ನೋಡದೆ, ಎರಡು ಕೈ ಜೋಡಿಸಿ ಆಕೆ ಅಂದಳು: "ತೆಪ್ಪಾಯ್ತು ಬುದ್ದಿ."

ಬುದ್ದಿ! ನಮ್ಮ ಅಪ್ಪ ಗೌಡರ ಹಟ್ಟಿ ಬಾಗಿಲಲ್ಲಿ ನಿಂತು ಆಡುತ್ತಿದ್ದ ಮಾತು. ನನ್ನ ಬದುಕಿನಲ್ಲಿ ಯಾರ ಬಾಯಿಂದಲೂ, ಯಾರ ಮುಂದೆಯೂ ಬರಬಾರದು ಅಂತ ನಾನು ಹಲ್ಲು ಕಚ್ಚಿಕೊಂಡಿದ್ದ ಮಾತು. ಕನ್ನಡಿಯಲ್ಲಿ ನೋಡಿದೆ. ಪಕ್ಕದೂರಿನ ಕೇರಿಯವಳು, ದೂರದ ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕು. ನಿಲ್ಲಿಸಲಿಲ್ಲ. ಮೀಟಿಂಗಿಗೆ ಹೊತ್ತಾಗಿತ್ತು ಅಂತ ಈಗಲೂ ಹೇಳಿಕೊಳ್ಳುತ್ತೇನೆ. ನಿಜವಾದ ಕಾರಣ ಅದಲ್ಲ. ಇಳಿದರೆ ಆಕೆ ನನ್ನ ಮುಖ ನೋಡುತ್ತಿದ್ದಳು.

ಆವತ್ತಿನಿಂದ ಒಂದೇ ಪ್ರಶ್ನೆ ತಲೆಯೊಳಗೆ ಕೊರೆಯುತ್ತಿದೆ. ನಾನು ಹಾರ್ನು ಕೊಂಡದ್ದು ಲಾರಿಯವನಿಗೆ. ಅದು ಹೋಗಿ ಬಿದ್ದದ್ದು ಯಾರ ಮೇಲೆ?

ಹೊಸ ಹಾರ್ನಿನ ಡಬ್ಬದ ಮೇಲೆ 118 ಡೆಸಿಬೆಲ್ ಅಂತ ಅಚ್ಚಾಗಿದೆ. ಎರಡು ಮೀಟರ್ ದೂರದಲ್ಲಿ ಅಳೆಯುವ ಲೆಕ್ಕ ಅದು. ಡೆಸಿಬೆಲ್ಲಿನ ಲೆಕ್ಕ ನಮ್ಮ ಸಾಮಾನ್ಯ ಕೂಡುವ ಲೆಕ್ಕವಲ್ಲ. ಹತ್ತು ಏರಿದರೆ ಶಬ್ದದ ಶಕ್ತಿ ಹತ್ತರಷ್ಟು, ಕಿವಿಗೆ ಸುಮಾರು ಎರಡರಷ್ಟು ಜೋರು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಏಳು ಮೀಟರಿನಲ್ಲಿ ನಡೆಯುತ್ತಿರುವವರ ಕಿವಿಗೆ ಸುಮಾರು 107. ಮೂವತ್ತು ಮೀಟರ್ ಮುಂದಿರುವ ಲಾರಿಯ ಹತ್ತಿರಕ್ಕೆ ಹೋಗುವಷ್ಟರಲ್ಲಿ ಸುಮಾರು 94. ಆ ಲಾರಿಯವನಿಗೆ ಕ್ಯಾಬಿನ್ನಿದೆ, ಗಾಜಿದೆ, ಕಾಲಬುಡದಲ್ಲಿ ಇಂಜಿನ್ನು ಮೊರೆಯುತ್ತಿದೆ, ಮೇಲೆ ಒಂದು ಹಾಡೂ ಇದ್ದೀತು. ನನ್ನ ಕೂಗು ಅವನನ್ನು ಮುಟ್ಟುವುದು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ನಡೆಯುವವಳಿಗೆ ಕ್ಯಾಬಿನ್ ಇಲ್ಲ, ಗಾಜು ಇಲ್ಲ. ಪೂರ್ತಿ ಏಟು ಅವಳಿಗೇ. ಶಬ್ದ ಮೇಲಕ್ಕೆ ಹತ್ತುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ಮೇಲಿನವನನ್ನು ಎಚ್ಚರಿಸಲು ತಂದ ಆಯುಧ ಕೆಳಗಿನವನನ್ನೇ ಹೊಡೆಯುತ್ತದೆ. ಬೇರೆ ಎಷ್ಟೋ ವಿಚಾರಗಳಲ್ಲಿ ಇದನ್ನು ನಾವು ನೋಡಿದ್ದೇವೆ. ಹಾರ್ನಿನಲ್ಲಿ ಅದು ಅಳತೆಪಟ್ಟಿ ಇಟ್ಟು ತೋರಿಸುವಷ್ಟು ನಿಚ್ಚಳವಾಗಿದೆ.

ಎಂಬತ್ತೈದು ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಮೂರು ಏರಿದರೆ ಹೊತ್ತು ಅರ್ಧಕ್ಕೆ ಇಳಿಯಬೇಕು ಅನ್ನುವುದು ಕಿವಿಯ ವೈದ್ಯರು ಒಪ್ಪಿರುವ ಲೆಕ್ಕ. 88ರಲ್ಲಿ ನಾಲ್ಕು ಗಂಟೆ, 91ರಲ್ಲಿ ಎರಡು. ನೂರಕ್ಕೆ ಹೋದರೆ ಕಾಲು ಗಂಟೆ. ಈಗ ಯಾವುದಾದರೂ ಊರಿನ ಬಸ್‌ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ನಿಂತಿರುವ ಪೊಲೀಸ್ ಪೇದೆ, ಕಡ್ಲೆಕಾಯಿ ಮಾರುವ ಅಜ್ಜಿ, ಹೂವಿನ ಗಾಡಿಯವನು, ರಸ್ತೆ ಗುಡಿಸುವ ಪೌರಕಾರ್ಮಿಕರು, ಇವರ ಕಿವಿಯ ಲೆಕ್ಕ ಯಾರು ಹಾಕುತ್ತಾರೆ? ಹಾರ್ನು ಹೊಡೆದವನು ಅರ್ಧ ನಿಮಿಷಕ್ಕೆ ಸರ್ಕಲ್ಲು ದಾಟಿ ಹೋಗುತ್ತಾನೆ. ಅವರು ಬೆಳಗಿಂದ ಬೈಗಿನವರೆಗೂ ಅಲ್ಲೇ.

ಲಾರಿ ಡ್ರೈವರನ್ನು ಬಯ್ಯಲು ನಾನು ಕೂತಿಲ್ಲ. ಅವನೂ ಕೂಲಿಯವನೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ ಅಂತ ಬರೆದಿತ್ತು. ಆ ಕಾಯ್ದೆಯ ಪುಸ್ತಕವನ್ನು ಯಾವ ಲಾರಿ ಮಾಲೀಕನ ಮನೆಯಲ್ಲಿ ತೆರೆದಿದ್ದಾರೋ! ನಿದ್ದೆಗೆಟ್ಟ ಕಣ್ಣಿಗೆ ಕನ್ನಡಿಯಲ್ಲಿ ನನ್ನ ಡಬ್ಬ ಕಾಣದಿದ್ದರೆ ಆಶ್ಚರ್ಯವಿಲ್ಲ. ಅವನ ಲಾರಿಯ ಹಿಂದೆಯೇ 'ಸೌಂಡ್ ಹಾರ್ನ್' ಅಂತ ಬರೆದಿರುತ್ತದೆ. ಅದು ಅವನ ಕೇಳಿಕೆ: ನನಗೆ ಹಿಂದೆ ಕಾಣುವುದಿಲ್ಲಪ್ಪ, ನೀನು ಬರುವುದಾದರೆ ಹೇಳು. ಘಟ್ಟದ ತಿರುವಿನಲ್ಲಿ, ಲಾರಿಯನ್ನು ದಾಟಿ ಮುಂದೆ ಹೋಗುವಾಗ, ಒಂದು ಸಣ್ಣ 'ಪೀಂ' ಅನ್ನುವುದು 'ಇಲ್ಲಿದ್ದೀನಿ ಕಣಣ್ಣ' ಅನ್ನುವ ಮಾತು. ಅದು ತಪ್ಪಲ್ಲ, ಬೇಕು. ಪ್ರಾಣ ಉಳಿಸುತ್ತದೆ. ಸಣ್ಣ ಕಾರಿನವನಿಗೆ ಕೇಳುವಂಥ ಹಾರ್ನು ಬೇಡ ಅನ್ನುವವನು ಆ ರಸ್ತೆಯಲ್ಲಿ ಸಣ್ಣ ಕಾರು ಓಡಿಸಿದವನಲ್ಲ.

ಆದರೆ ದಿನಕ್ಕೆ ನಾನು ಎಷ್ಟು ಸಲ ಹಾರ್ನು ಒತ್ತುತ್ತೇನೆ ಅಂತ ಒಂದು ದಿನ ಎಣಿಸಿದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಡ್ಡಿ ಎಳೆಸಿದೆ. ಹೋಗಿ ಬರುವ ದಾರಿಯಲ್ಲಿ ಐವತ್ತಮೂರು ಸಲ. ಅದರಲ್ಲಿ 'ಇಲ್ಲಿದ್ದೀನಿ' ಅನ್ನುವ ಹಾರ್ನು ಒಂಬತ್ತೋ ಹತ್ತೋ. ಮಿಕ್ಕಿದ್ದೆಲ್ಲ 'ಸರಿ' ಅನ್ನುವುದು. ಸೈಕಲ್ಲಿನವನಿಗೆ, ಎತ್ತಿನ ಗಾಡಿಗೆ, ಶಾಲೆಯಿಂದ ಸಾಲಾಗಿ ಬರುವ ಮಕ್ಕಳಿಗೆ, ನನ್ನ ಶಾಲೆಯ ಮಕ್ಕಳಿಗೇ. ಮೊದಲನೆಯದು ಸುದ್ದಿ, ಎರಡನೆಯದು ಅಪ್ಪಣೆ. ಹೊರಗಿರುವ ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ. ಒತ್ತುವವನ ಮನಸ್ಸಿನಲ್ಲಿ ಮಾತ್ರ ಬೇರೆ ಬೇರೆ.

ಅಪ್ಪಣೆಯ ಹಾರ್ನು ನಿಜವಾಗಿ ಬ್ರೇಕಿನ ಬದಲಿ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನೇಳು ಮೀಟರಿನ ಹತ್ತಿರ ಓಡುತ್ತದೆ. ಮುಂದಿರುವವರು ಬೆಚ್ಚಿ, ತಿಳಿದು, ಸರಿಯಲು ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಗಾಡಿ ಇಪ್ಪತ್ತೈದು ಮೀಟರ್ ಬಂದಿರುತ್ತದೆ. ಬ್ರೇಕು ಹಾಕಿದರೆ ನಷ್ಟ ನನಗೆ. ಗೇರು ಇಳಿಸಬೇಕು, ಮತ್ತೆ ಏರಿಸಬೇಕು, ಪೆಟ್ರೋಲು ಖರ್ಚು, ಹೊತ್ತು ಖರ್ಚು. ಹಾರ್ನು ಹೊಡೆದರೆ ಆ ಖರ್ಚೆಲ್ಲ ಎದುರಿಗಿರುವವನ ಮೈಮೇಲೆ. ಅವನು ಹಾರಬೇಕು, ಅವನ ಎದೆ ಹೊಡೆದುಕೊಳ್ಳಬೇಕು, ಅವನ ಹೊರೆ ಬೀಳಬೇಕು. ನನ್ನ ಹೆಬ್ಬೆರಳಿಗೆ ರಿಲೇ ಇದೆ, ಭಾರ ಗೊತ್ತಾಗುವುದಿಲ್ಲ. ತನ್ನ ಕೆಲಸವನ್ನು ಇನ್ನೊಬ್ಬರ ಮೈಗೆ ದಾಟಿಸಿ, ತಾನು ಕೂತಲ್ಲೇ ಕೂತಿರುವ ಈ ವಿದ್ಯೆಗೆ ನಾವು ಬೇರೆ ಕಡೆ ಏನು ಹೆಸರು ಇಟ್ಟು ಕರೆಯುತ್ತೇವೆ?

'ಜೋರು ಹಾರ್ನು ಇದ್ದರೆ ಕಿವಿ ಮಂದ ಇರೋರಿಗೂ ಕೇಳುತ್ತೆ' ಅಂತ ಒಂದು ವಾದ ಉಂಟು. ಪೂರ್ತಿ ಕಿವುಡರಿಗೆ? ಎಮ್ಮೆಗೆ? ಚೆಂಡಿನ ಹಿಂದೆ ಓಡಿ ಬರುವ ಮಗುವಿಗೆ? ಇವರೆಲ್ಲರಿಗೂ ಒಗ್ಗುವ ಭಾಷೆ ಒಂದೇ, ಅದು ಕಾಲಡಿಯ ಬ್ರೇಕು.

ಇನ್ನು ಗೆಳೆಯನ ಮಾತಿಗೆ ಬರೋಣ. ಎಷ್ಟು ತಲೆಮಾರು ಅಂತ ನಾವೇ ದಾರಿ ಬಿಡೋದು ಅಂದನಲ್ಲ, ಅದು ಹಗುರದ ಮಾತಲ್ಲ.

ಗುಪ್ತರ ಕಾಲವನ್ನು ನಾವು ಮಕ್ಕಳಿಗೆ ಸುವರ್ಣಯುಗ ಅಂತ ಪಾಠ ಮಾಡುತ್ತೇವೆ. ಅದೇ ಕಾಲದಲ್ಲಿ, ಐದನೇ ಶತಮಾನದ ಆರಂಭದಲ್ಲಿ, ಚೀನಾದಿಂದ ಬಂದ ಯಾತ್ರಿಕ ಫಾಹಿಯಾನ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಚಂಡಾಲರು ಊರ ಹೊರಗೆ ಇರುತ್ತಾರೆ. ಪಟ್ಟಣಕ್ಕೋ ಸಂತೆಗೋ ಬರುವಾಗ ಮರದ ತುಂಡು ಬಡಿದು ಸದ್ದು ಮಾಡುತ್ತಾ ಬರಬೇಕು. ಆ ಸದ್ದು ಕೇಳಿ ಜನ ಅವರನ್ನು ಮುಟ್ಟದೆ ಸರಿದುಕೊಳ್ಳುತ್ತಾರೆ. ಪರೀಕ್ಷೆಗೆ ಈ ಪ್ರಶ್ನೆ ಬರುವುದಿಲ್ಲವಾದ್ದರಿಂದ ಮಕ್ಕಳು ಅದನ್ನು ಓದುವುದಿಲ್ಲ. ಈ ನೆಲದ ರಸ್ತೆಯ ಮೇಲೆ ಬರಹದಲ್ಲಿ ಉಳಿದಿರುವ ಹಳೆಯ ಹಾರ್ನುಗಳಲ್ಲಿ ಅದೂ ಒಂದು. ನೋಡಿ, ಆ ಸದ್ದು ಮಾಡುತ್ತಿದ್ದವರು ನಮ್ಮವರು. 'ನಾನು ಬರುತ್ತಿದ್ದೇನೆ, ದೂರ ಇರಿ.' ಇವತ್ತು ಕಾರಿನವನು ಹೇಳುವುದೂ ಅಕ್ಷರಶಃ ಅದೇ. ಆದರೆ ಅಂದು ಸದ್ದು ಮಾಡಿದವನಿಗೆ ಅವಮಾನ, ಇಂದು ಸದ್ದು ಕೇಳಿದವನಿಗೆ ಅವಮಾನ. ಸದ್ದಿನಲ್ಲಿ ಏನೂ ಇಲ್ಲ, ಯಾರ ಕೈಯಲ್ಲಿ ಯಾಕೆ ಇದೆ ಅನ್ನುವುದರಲ್ಲಿ ಎಲ್ಲವೂ ಇದೆ.

ಊರೊಳಗೆ ತಮಟೆ ಬಡಿದು ಡಂಗೂರ ಸಾರಿದವರೂ ನಮ್ಮವರೇ. ಗಂಟಲು ನಮ್ಮದು, ಮಾತು ಪಟೇಲರದು. ಅಷ್ಟು ಜೋರಾಗಿ ಕೂಗಿಯೂ ನಮ್ಮದು ಒಂದು ಮಾತೂ ಕೇಳಿಸಲಿಲ್ಲ. 2021ರ ಅಕ್ಟೋಬರಿನಲ್ಲಿ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ನಾಸಿಕದಲ್ಲಿ ಭಾಷಣ ಮಾಡುತ್ತಾ, ಇನ್ನು ವಾಹನಗಳ ಹಾರ್ನಿಗೆ ಭಾರತೀಯ ವಾದ್ಯಗಳ ನಾದ ಇರುವ ಹಾಗೆ ಕಾನೂನು ತರುವ ಯೋಚನೆ ಇದೆ ಅಂದರು. ಕೊಳಲು, ತಬಲ, ಪಿಟೀಲು, ಹಾರ್ಮೋನಿಯಂ ಅಂತ ಪಟ್ಟಿ ಹೇಳಿದರು. ಪತ್ರಿಕೆಯಲ್ಲಿ ಓದಿದ ಆ ಪಟ್ಟಿಯಲ್ಲಿ ತಮಟೆಯನ್ನು ಹುಡುಕಿದೆ, ಇರಲಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಅನ್ನಿ. ಕೊಳಲಿನ ದನಿಯಲ್ಲಿ 'ಸರಿಯೋ ಆಚೆಗೆ' ಅಂದರೆ ಅದು ಸಂಗೀತವಾಗಿಬಿಡುವುದಿಲ್ಲ.

ಇದೆಲ್ಲ ನಡೆದ ನೆಲದಲ್ಲೇ ಬೇರೆ ಥರದ ಸದ್ದೂ ಕೇಳಿಸಿದೆ. 1893ರಲ್ಲಿ ತಿರುವಾಂಕೂರಿನ ವೆಂಙನೂರಿನಲ್ಲಿ ಅಯ್ಯಂಕಾಳಿ ಒಂದು ಬಿಲ್ಲುಬಂಡಿ ಕೊಂಡು, ಎತ್ತಿನ ಕೊರಳಿಗೆ ಗಂಟೆ ಕಟ್ಟಿ, ಪುಲಯರು ಕಾಲಿಡಬಾರದೆಂದಿದ್ದ ರಸ್ತೆಯ ಮೇಲೆ ಹೊಡೆದುಕೊಂಡು ಹೋದರು. ಆ ಗಂಟೆಯೂ ಒಂದು ಹಾರ್ನೇ. ನನ್ನ ಗೆಳೆಯ ಅಂದದ್ದು ಆ ಸದ್ದನ್ನು ನೆನೆದು. ಹಾಗಾದರೆ ನನ್ನ ಜೋಡಿ ಹಾರ್ನೂ ಆ ಗಂಟೆಯ ವಂಶವೇ?

ಹೌದು ಅನ್ನಲು ನನಗೂ ಆಸೆ. ಆದರೆ ಆ ಗಂಟೆ ಬಾರಿಸುತ್ತಾ ಹೋದವರ ಮೇಲೆ ಹೊಡೆತ ಬೀಳುವುದಿತ್ತು. ಬಡಿಗೆ ಹಿಡಿದು ಕಾದವರಿದ್ದರು. ಸದ್ದು ಮಾಡಿದವನೇ ಅದರ ಬೆಲೆ ತೆರಲು ತಯಾರಾಗಿ ಹೊರಟಿದ್ದ. ನಾವು ರಸ್ತೆಗಿಳಿದು ಘೋಷಣೆ ಕೂಗುವಾಗಲೂ ಹಾಗೇ: ಮೈ ರಸ್ತೆಯ ಮೇಲಿರುತ್ತದೆ, ಲಾಠಿ ಬಿದ್ದರೆ ನಮ್ಮ ಬೆನ್ನಿಗೆ. ಹಾರ್ನು ಹೊಡೆಯುವವನು ಗಾಜಿನ ಹಿಂದೆ ಕೂತಿರುತ್ತಾನೆ. ಅಪಾಯವೆಲ್ಲ ಕೇಳುವವನದು. ಕೂಗಿಗೆ ಉತ್ತರ ಬರಬಹುದು, ಎದುರು ಕೂಗಬಹುದು, ಜಗಳಕ್ಕೆ ನಿಲ್ಲಬಹುದು. ಹಾರ್ನಿಗೆ ಉತ್ತರ ಕೊಡುವಷ್ಟರಲ್ಲಿ ಗಾಡಿ ಹೋಗಿಬಿಟ್ಟಿರುತ್ತದೆ. ಅಯ್ಯಂಕಾಳಿಯ ಗಂಟೆ ತನ್ನನ್ನು ತಡೆಯುವವರ ಎದುರಿಗೆ ಬಾರಿಸಿತು. ನನ್ನದು ಹೊರೆ ಹೊತ್ತ ಅತ್ತೆಯ ಬೆನ್ನಿಗೆ.

ನಮ್ಮ ಹುಡುಗರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಒಂದು ಮಾತು. ಏಪ್ರಿಲ್ 14ರ ಮೆರವಣಿಗೆಯಲ್ಲಿ ಆಳೆತ್ತರದ ಡಿಜೆ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತೇವಲ್ಲ, ಅದರ ಏಟು ಮೊದಲು ಬೀಳುವುದೂ ನಮ್ಮ ಕೇರಿಯ ಬಾಣಂತಿಯ ಮೇಲೆ, ಹಾಸಿಗೆ ಹಿಡಿದ ಮುದುಕರ ಮೇಲೆ. ಮೇಲಿನ ಬೀದಿಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಅವರಿಗೆ ಕಿಟಕಿ ಇದೆ.

ಕಾನೂನು ಇಲ್ಲವೇ ಅಂದರೆ ಬೇಕಾದಷ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಕರ್ಕಶವಾದ, ಬೆಚ್ಚಿಬೀಳಿಸುವ ಹಾರ್ನು, ಹಲವು ಸ್ವರ ಹೊರಡಿಸುವ ಹಾರ್ನು ಕೂಡದು ಅನ್ನುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 194ಎಫ್ ಕಲಮಿನ ಪ್ರಕಾರ ಸುಮ್ಮಸುಮ್ಮನೆ ಹಾರ್ನು ಹೊಡೆದರೆ ಮೊದಲ ಸಲ ಒಂದು ಸಾವಿರ, ಆಮೇಲೆ ಎರಡು ಸಾವಿರ ದಂಡ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರನ್ನು ಮೌನವಲಯ ಮಾಡುವ ದಾರಿಯಿದೆ; ಅಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮೀರಬಾರದು. ನನ್ನ ಶಾಲೆಯ ಗೇಟು ರಸ್ತೆಗೆ ಅಂಟಿಕೊಂಡೇ ಇದೆ. ಏಳನೇ ಕ್ಲಾಸಿನಲ್ಲಿ ಪದ್ಯ ಓದುವಾಗ ಟಿಪ್ಪರು ಬಂದರೆ ಸಾಲಿನ ಮಧ್ಯೆ ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸುತ್ತೇನೆ. ಮಕ್ಕಳು ಆ ನಿಲುಗಡೆಯನ್ನೂ ಪದ್ಯದ ಭಾಗ ಅಂದುಕೊಂಡು ಬಾಯಿಪಾಠ ಮಾಡಿವೆ.

ಇದೇ 766ರ ಮೇಲೆ ಬಂಡೀಪುರದ ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಓಡಾಟಕ್ಕೆ 2009ರಲ್ಲಿ ನಿಷೇಧ ಬಂತು. ಹುಲಿ, ಆನೆ, ಜಿಂಕೆಗಳಿಗಾಗಿ. ಪ್ರಾಣಿಗಳಿಗೆ ಸಿಕ್ಕಿದ ಆ ನೆಮ್ಮದಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಸಿಗಲೇಬೇಕಾದದ್ದು. ಆದರೆ ಅದೇ ರಸ್ತೆಯ ಮಗ್ಗುಲಲ್ಲಿ, ಗೋಡೆಗೂ ಟಾರಿಗೂ ನಾಲ್ಕು ಮಾರು ದೂರವಿಲ್ಲದ ಮನೆಗಳಲ್ಲಿ ಮಲಗುವವರಿಗೆ ಆ ಒಂಬತ್ತು ಗಂಟೆಯಲ್ಲಿ ಒಂದು ಗಂಟೆಯಾದರೂ ಬೇಡವೇ? ಮೌನ ಈಗ ಕೊಳ್ಳುವ ಸಾಮಾನಾಗಿದೆ. ಕಾಸಿದ್ದವನು ಒಳಗೆ ಸದ್ದು ನುಸುಳದ ಕಾರು ಕೊಳ್ಳುತ್ತಾನೆ. ಒಳಗೆ ಎಷ್ಟು ಮೌನವೋ ಹೊರಗೆ ಅಷ್ಟು ಆರ್ಭಟ, ಯಾಕೆಂದರೆ ತಾನು ಹೊಡೆದ ಹಾರ್ನು ತನಗೇ ಸರಿಯಾಗಿ ಕೇಳಿಸುವುದಿಲ್ಲ.

ನಮ್ಮ ಜನರ ರಕ್ತದಲ್ಲೇ ಇದೆ ಬಿಡಿ ಅನ್ನುವವರು ಮಿಜೋರಾಮಿನ ಐಜ್ವಾಲಿಗೆ ಹೋಗಿ ನೋಡಬಹುದು. ಇಕ್ಕಟ್ಟಾದ ಗುಡ್ಡದ ರಸ್ತೆ, ಉದ್ದಕ್ಕೂ ನಿಂತ ಗಾಡಿಗಳ ಸಾಲು, ಆದರೂ ಹಾರ್ನು ಹೊಡೆಯದೆ ಕಾಯುತ್ತಾರೆ. ಕಾಠ್ಮಂಡುವಿನಲ್ಲಿ 2017ರ ಏಪ್ರಿಲ್ 14ರಂದು, ಅವರ ಹೊಸ ವರ್ಷದ ದಿನ, ಅನಗತ್ಯ ಹಾರ್ನಿಗೆ ನಿಷೇಧ ತಂದರು. ಮುಂಬಯಿ ಪೊಲೀಸರು 2020ರ ಜನವರಿಯಲ್ಲಿ ಒಂದು ಸಿಗ್ನಲ್ಲನ್ನು ಎಲ್ಲರಿಗೂ ತೋರಿಸಿದರು: ಹಾರ್ನಿನ ಗದ್ದಲ 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿಂದ ಶುರು. ನಗು ಬರುವ ಉಪಾಯವಾದರೂ ಅದರಲ್ಲಿ ನ್ಯಾಯ ಇದೆ. ಸದ್ದಿನ ಬೆಲೆಯನ್ನು ಸದ್ದು ಮಾಡಿದವನೇ ಅಲ್ಲೇ ಕಟ್ಟಬೇಕು.

ನಾನು ಮತ್ತೆ ಭಾಯಿಯ ಅಂಗಡಿಗೆ ಹೋದೆ. ಹಾರ್ನು ಬಿಚ್ಚಿಹಾಕು ಅಂದೆ. ಅವನು ನನ್ನ ಮುಖ ನೋಡಿ, "ಯಾಕೆ ಮೇಷ್ಟ್ರೆ, ಪೊಲೀಸ್ರು ಹಿಡುದ್ರಾ?" ಅಂದ. ಇಲ್ಲ ಅಂದೆ. "ಹೈವೇಲಿ ಏನ್ ಮಾಡ್ತೀರಿ ಮತ್ತೆ? ಮಗೂನ ಕೂರುಸ್ಕಂಡು ಹೋಗ್ತೀರಿ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಅವನೇ ಒಂದು ಸ್ವಿಚ್ಚು ಹಾಕಿಕೊಟ್ಟ. ಮೇಲಕ್ಕೆ ಒತ್ತಿದರೆ ಜೋಡಿ ಹಾರ್ನು, ಕೆಳಕ್ಕೆ ಒತ್ತಿದರೆ ಹಳೇ ಮೇಕೆಮರಿ. "ಊರಿಗೊಂದು, ಹೈವೇಗೊಂದು" ಅಂದ. ಒಳ್ಳೆಯ ಉಪಾಯವೇ. ಆದರೆ ಹೈವೇ ಅನ್ನುವುದು ಊರುಗಳನ್ನು ಬಿಟ್ಟು ಆಕಾಶದಲ್ಲೇನೂ ಹೋಗುವುದಿಲ್ಲ. ಎಲ್ಲಿ ಹೈವೇ ಮುಗಿದು ಎಲ್ಲಿ ಊರು ಶುರುವಾಗುತ್ತದೆ ಅನ್ನುವುದನ್ನು ಪ್ರತಿ ಸಲವೂ ನಾನೇ ತೀರ್ಮಾನಿಸಬೇಕು, ಹೊತ್ತಾಗಿರುವ ದಿನವೂ. ಎಷ್ಟೋ ಸಲ ಕೆಳಕ್ಕೆ ಒತ್ತಲು ಮರೆಯುತ್ತೇನೆ. ಮೇಲಕ್ಕೆ ಒತ್ತಲು ಯಾವತ್ತೂ ಮರೆತಿಲ್ಲ.

ಯುಗಾದಿ ಮುಗಿದ ಮೇಲೆ ಒಂದು ದಿನ ಆ ಅತ್ತೆಯ ಮನೆಗೆ ಹೋದೆ. ಕಾರನ್ನು ಕೇರಿಯ ಬಾಯಲ್ಲೇ ನಿಲ್ಲಿಸಿ ನಡೆದುಕೊಂಡು ಹೋದೆ. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕಾಲಿಗೆ ಬಟ್ಟೆ ಸುತ್ತಿತ್ತು. ಅದು ಆವತ್ತಿನ ಗಾಯವೋ ಬೇರೆಯದೋ, ಕೇಳುವ ಧೈರ್ಯ ಬರಲಿಲ್ಲ. ನೀರು ಕೊಟ್ಟಳು. ಆ ಕಡೆ ಈ ಕಡೆಯ ಮಾತಾದ ಮೇಲೆ ಹೇಳಿದೆ, "ಅತ್ತೆ, ಅವತ್ತು ಹುಲ್ಲೊರೆ ಬೀಳ್ಸಿದ್ನಲ್ಲ ಕಾರು, ಅದು ನನ್ದೆ ಕನತ್ತೆ."

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

"ನಿಂದಾ? ಯಾರೋ ದೊಡ್ಡೋರ್ದು ಅಂದ್ಕಂಡೆ ಕನ. ಮೊದ್ಲೇ ಗೊತ್ತಿದ್ರೆ ಅವತ್ತೇ ಬಯ್ಬೋದಿತ್ತಲ್ಲೋ."

ಬಯ್ದಳು. ಅರ್ಧ ಗಂಟೆ ಬಯ್ದಳು. ಬೀದಿಯವರೆಲ್ಲ ಬಂದು ಕೇಳಿದರು.